ಹ್ಯಾಂಡ್‌ಪೀಸ್ ಎಷ್ಟಿವೆ?

ದಂತ ಚಿಕಿತ್ಸಾಲಯಗಳಲ್ಲಿ ಉಪಕರಣಗಳನ್ನು ಹೇಗೆ ಸ್ಟೆರಿಲೈಸ್ ಮಾಡುತ್ತಾರೆಂದು ನೋಡಿಬರುವುದು ನನ್ನ ಕೆಲಸದ ಒಂದು ಭಾಗ. ಯಾವ ಊರಿಗೆ ಹೋದರೂ ವೈದ್ಯರು ಮೊದಲು ತೋರಿಸುವುದು ಹಬೆಯಿಂದ ಸ್ಟೆರಿಲೈಸ್ ಮಾಡುವ ಯಂತ್ರ ಆಟೋಕ್ಲೇವನ್ನು. ನಾನು ಮೊದಲು ಕೇಳುವುದು, ಹ್ಯಾಂಡ್‌ಪೀಸ್ ಎಷ್ಟಿವೆ, ಸಂಜೆ ಎಷ್ಟು ಮಂದಿ ಬರುತ್ತಾರೆ ಎಂದು.

ಹಲ್ಲು ಕೊರೆಯುವ ಈ ಹ್ಯಾಂಡ್‌ಪೀಸಿನೊಳಗೆ ಪುಟ್ಟ ಟರ್ಬೈನು, ಗಾಳಿ ಮತ್ತು ನೀರಿನ ಸಣ್ಣ ಕೊಳವೆಗಳಿವೆ. ತಿರುಗುವುದು ನಿಂತ ಕ್ಷಣ ಬಾಯಿಯ ಎಂಜಲು, ರಕ್ತ ಅದರೊಳಕ್ಕೆ ಸೇರಿಕೊಳ್ಳಬಹುದು. ಸ್ಪಿರಿಟ್ ಹತ್ತಿಯಿಂದ ಹೊರಮೈ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಅದನ್ನು ತೊಳೆದು, ಎಣ್ಣೆ ಬಿಟ್ಟು, ಪೌಚಿನಲ್ಲಿಟ್ಟು, 134 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 3 ನಿಮಿಷ ಇಡಬೇಕು. ಬಿಸಿಯೇರಿ, ಒಣಗಿ, ಕೈಗೆ ಸಿಗುವ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎರಡೇ ಹ್ಯಾಂಡ್‌ಪೀಸ್ ಇಟ್ಟುಕೊಂಡು ಒಂದೇ ಸಂಜೆ ಹತ್ತು ಹನ್ನೆರಡು ಮಂದಿಯ ಹಲ್ಲು ಕೊರೆದರೆ, ಲಾಗ್‌ಬುಕ್ಕಿನಲ್ಲಿ ಏನೇ ಬರೆದಿರಲಿ, ಲೆಕ್ಕ ತಾಳೆಯಾಗುವುದಿಲ್ಲ.

ಆಮೇಲೆ ಸಿಂಕಿನ ಬಳಿ ಸಹಾಯಕಿಯ ಜೊತೆ ನಿಲ್ಲುತ್ತೇನೆ. ನಿಜವಾದ ಪರಿಶೀಲನೆ ನಡೆಯುವುದು ಅಲ್ಲೇ. ರಕ್ತ ಒಣಗಿ ಅಂಟಿಕೊಂಡ ಕಡೆ ಹಬೆ ತಾಗುವುದಿಲ್ಲ, ಹಾಗಾಗಿ ಬ್ರಷ್ಷಿನ ಕೆಲಸಕ್ಕೂ ಯಂತ್ರದಷ್ಟೇ ಬೆಲೆಯಿದೆ. ತಾಲ್ಲೂಕು ಕೇಂದ್ರವೊಂದರಲ್ಲಿ ಒಬ್ಬ ಹುಡುಗಿಯನ್ನು ಕೇಳಿದ್ದೆ: "ಆಟೋಕ್ಲೇವ್ ಓಡ್ತಿರುವಾಗ ಮಧ್ಯದಲ್ಲಿ ಕರೆಂಟ್ ಹೋದ್ರೆ ಏನ್ಮಾಡ್ತೀಯಮ್ಮಾ?"

"ಬಂದ್ಮೇಲೆ ಮಿಕ್ಕಿದ್ದಷ್ಟು ಹೊತ್ತು ಇಡ್ತೀನಿ ಮೇಡಂ."

ಮೊದಲಿನಿಂದ ಶುರುಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಆಟೋಕ್ಲೇವಿಗೆ ಹಾಕುತ್ತಿದ್ದದ್ದೂ ಬೋರ್‌ವೆಲ್ ನೀರು. ಒಳಗೋಡೆಯಲ್ಲೆಲ್ಲ ಬಿಳಿ ಪೊರೆ. ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಅವಸರಕ್ಕೆ ಒದ್ದೆ ಪೌಚು ಹೊರತೆಗೆಯುವುದು ಎಷ್ಟೋ ಕಡೆ ಇದೆ. ನೆನೆದ ಕಾಗದದ ಮೂಲಕ ಸೂಕ್ಷ್ಮಾಣು ಒಳನುಗ್ಗುತ್ತದೆ.

ಪೌಚಿಗೆ ಅಂಟಿಸಿದ ಟೇಪಿನ ಪಟ್ಟೆ ಕಪ್ಪಾಗಿದೆ ಎಂದು ನೆಮ್ಮದಿಯಿಂದ ಇರುವವರೇ ಹೆಚ್ಚು. ಆ ಬಣ್ಣ ಹೇಳುವುದು ಪೌಚು ಬಿಸಿ ಕಂಡಿದೆ ಎಂದಷ್ಟೇ. ಸೂಕ್ಷ್ಮಾಣು ಸತ್ತಿದೆಯೇ ಎಂದು ತಿಳಿಯಲು ಸ್ಪೋರ್ ಪರೀಕ್ಷೆ ಬೇಕು: ಬಿಸಿಗೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಪೋರುಗಳನ್ನು ಉಪಕರಣಗಳ ಜೊತೆಗಿಟ್ಟು ಓಡಿಸಿ, ಅವು ಮತ್ತೆ ಬೆಳೆಯುತ್ತವೆಯೇ ಎಂದು ನೋಡುವುದು. ವಾರಕ್ಕೊಮ್ಮೆಯಾದರೂ ಮಾಡಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಎಲ್ಲ ಚಿಕಿತ್ಸಾಲಯಗಳಲ್ಲೂ ಇದು ನಡೆಯಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ಯಂತ್ರ ಸರಿಯಿದ್ದರೆ ಸಾಲದು ಎಂಬುದಕ್ಕೆ ತಮಿಳುನಾಡಿನ ವಾಣಿಯಂಬಾಡಿಯ ಘಟನೆ ಇದೆ. 2023ರಲ್ಲಿ ಅಲ್ಲಿ ಒಂದೇ ಕಡೆ ಹಲ್ಲಿನ ಚಿಕಿತ್ಸೆ ಪಡೆದವರಲ್ಲಿ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಮಿದುಳಿಗೇರಿ 8 ಮಂದಿ ತೀರಿಕೊಂಡರು. ತನಿಖೆ ಹೋಗಿ ನಿಂತದ್ದು ಸಲೈನ್ ಬಾಟಲಿಯ ಹತ್ತಿರ. ಚಿಕಿತ್ಸೆಗೆ ಬಳಸುವ ಎಲಿವೇಟರ್ ಎಂಬ ಉಪಕರಣದಿಂದಲೇ ಅದನ್ನು ತೆರೆದು, ಸಡಿಲವಾಗಿ ಮುಚ್ಚಿಟ್ಟು ಮತ್ತೆ ಮತ್ತೆ ಬಳಸಿದ್ದರು. ಆ ತನಿಖೆಯ ವರದಿ ಓದಿದ ಮೇಲೆ ಸಲೈನ್ ಬಾಟಲಿ ಯಾವಾಗ ತೆರೆದದ್ದು, ಯಾವುದರಿಂದ ತೆರೆದದ್ದು ಎಂದು ಎಲ್ಲ ಕಡೆಯೂ ಕೇಳುತ್ತೇನೆ. ಅರ್ಧ ಖಾಲಿಯಾದ ಬಾಟಲಿ ಕಂಡರೆ ಅಲ್ಲೇ ಚೆಲ್ಲಿಸುತ್ತೇನೆ. ಒಬ್ಬ ರೋಗಿಗೆ ಒಂದು ಸಣ್ಣ ಬಾಟಲಿ, ಮಿಕ್ಕಿದ್ದು ಸಿಂಕಿಗೆ.