ತೂತು ನೇರವಿದ್ದರೆ ಜೋಡಣೆ ಗಟ್ಟಿ

ತೋಟದ ಗೇಟು, ಮೆಣಸು ಕೊಯ್ಯುವ ಏಣಿ, ಗೋದಾಮಿನ ಬಾಗಿಲು, ಮನೆಯ ಮಂಚ ಇವುಗಳಲ್ಲಿ ಮರವೇ ಮುರಿಯುವುದು ಅಪರೂಪ. ಮೊದಲು ಬಿಡುವುದು ಎರಡು ಮರ ಕೂಡುವ ಜಾಗ. ಒಂದು ಮರದ ತುದಿಯಲ್ಲಿ ಕೊಯ್ದ ನಾಲಗೆಯು ಇನ್ನೊಂದರಲ್ಲಿ ಕೊರೆದ ಚೌಕ ತೂತಿನೊಳಗೆ ಬಿಗಿಯಾಗಿ ಕೂರದಿದ್ದರೆ ಮೊಳೆಯಾಗಲಿ ಅಂಟಾಗಲಿ ಬಹಳ ದಿನ ಕಾಯಲಾರವು. ಆದುದರಿಂದ ತೂತು ಕೊರೆಯುವ ಕ್ರಮವನ್ನೂ, ಅದಕ್ಕೆ ನಾವೇ ಮಾಡಿಕೊಳ್ಳಬಹುದಾದ ಅಚ್ಚುಗಳನ್ನೂ ಇಲ್ಲಿ ವಿಚಾರ ಮಾಡೋಣ.

ಕೂರಿಗೆಯ ಪಾಠ

ಈ ವಿಷಯಕ್ಕೆ ಒಳ್ಳೆಯ ಉದಾಹರಣೆ ನಮ್ಮ ಮಲೆನಾಡಿನದಲ್ಲ, ಬಯಲುಸೀಮೆಯದು. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತದ ಗದ್ದೆಗಳಾದವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಲ್ಲಿ ಜೋಳ, ಸಜ್ಜೆಗಳನ್ನು ಬಿತ್ತುತ್ತ ಬಂದದ್ದು ಕೂರಿಗೆಯಿಂದ. ಬಡಿಗೇರರು ಜಾಲಿಯಂಥ ಗಟ್ಟಿ ಮರದ ದಿಂಡಿನಲ್ಲಿ ಸಮ ಅಂತರಕ್ಕೆ ತೂತು ಕೊರೆದು, ತಾಳುಗಳನ್ನು ಒಂದೇ ಓರೆಗೆ ಕೂಡಿಸುತ್ತಾರೆ. ಬಟ್ಟಲಿಗೆ ಹಾಕಿದ ಬೀಜ ಕೊಳವೆಗಳ ಮೂಲಕ ತಾಳಿನ ಬುಡಕ್ಕೆ ಇಳಿಯುತ್ತದೆ.

ಒಂದು ತೂತಿನ ಓರೆ ತಪ್ಪಿತೆನ್ನಿ. ಆ ತಾಳು ಮೇಲೆ ತೇಲಿದರೆ ಬೀಜ ಒಣಮಣ್ಣಿಗೆ ಬೀಳುತ್ತದೆ. ಹೆಚ್ಚು ಇಳಿದರೆ ಮೊಳಕೆ ಮೇಲೇಳಲಾರದು. ನಾಲ್ಕು ತಾಳಿನ ಕೂರಿಗೆಯಾದರೆ ಹೊಲದ ಕಾಲುಭಾಗ ಅಪಾಯಕ್ಕೆ ಸಿಕ್ಕಂತೆ. ಬಿತ್ತನೆಯ ಹದ ಕಾದು ಕೂರುವುದಿಲ್ಲ. ಈಗ ಟ್ರ್ಯಾಕ್ಟರಿನ ಕೂರಿಗೆಗಳು ಬಂದಿದ್ದರೂ ಪಾಠ ಹಳೆಯದಾಗಿಲ್ಲ: ಒಂದೇ ತರದ ತೂತುಗಳು ಬೇಕಾದಲ್ಲಿ ಕಣ್ಣಳತೆ ಸಾಲದು, ಅಚ್ಚು ಬೇಕು.

ಕೊರೆಯುವ ಕ್ರಮ

1. ತೂತಿನ ಅಗಲ ಮರದ ದಪ್ಪದ ಸುಮಾರು ಮೂರನೇ ಒಂದು ಭಾಗವಿರಲಿ. 3 ಅಂಗುಲ ದಪ್ಪಕ್ಕೆ 1 ಅಂಗುಲ. ಅದಕ್ಕೆ ಹತ್ತಿರದ ಅಗಲದ ಉಳಿಯನ್ನು ಆರಿಸಿ, ಉಳಿಯ ಅಗಲಕ್ಕೇ ಗೀಟು ಹಾಕಬೇಕು. ತೂತಿನ ಉದ್ದ ಮರದ ಎಳೆಯ ಗುಂಟ ಇರಬೇಕು.

2. ಎಲ್ಲ ಗೀಟುಗಳನ್ನೂ ಮರದ ಒಂದೇ ಮುಖದಿಂದ ಅಳೆಯಿರಿ. ಆಚೆ ಬದಿಗೆ ಹಾಯುವ ತೂತಾದರೆ ಎರಡೂ ಬದಿಗೆ ಗುರುತು ಹಾಕಿ, ಎರಡೂ ಕಡೆಯಿಂದ ಅರ್ಧರ್ಧ ಕೊರೆಯಿರಿ. ಒಂದೇ ಕಡೆಯಿಂದ ಹೊಡೆದರೆ ಆಚೆ ಬದಿ ಸಿಬಿರೇಳುತ್ತದೆ.

3. ನಡುವಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ತುದಿಗಳ ಕಡೆಗೆ ಸಾಗಬೇಕು. ತುದಿಯ ಗೀಟನ್ನು ಕೊನೆಗೆ ಮುಟ್ಟಬೇಕು. ಮೊದಲೇ ಮುಟ್ಟಿದರೆ ಸಿಬಿರು ಮೀಟುವಾಗ ಅಂಚು ಜಜ್ಜುತ್ತದೆ.

4. ಮರದ ಕೊನೆಗೆ ಸಮೀಪವಾಗಿ ತೂತು ಬೇಕಿದ್ದಲ್ಲಿ ಮರವನ್ನು ಉದ್ದವಾಗಿಯೇ ಬಿಟ್ಟು ಕೊರೆದು, ಜೋಡಿಸಿದ ಮೇಲೆ ಹೆಚ್ಚಿನದನ್ನು ಕೊಯ್ಯಿರಿ. ಇಲ್ಲವಾದರೆ ಮರ ಸೀಳುವ ಭಯವಿದೆ.

ಮೂರು ಅಚ್ಚುಗಳು

ನೇರದ ಅಚ್ಚು: ಮೂಲೆಮಟ್ಟಕ್ಕೆ ಸರಿಯಾಗಿ ಹೆರೆದ ಗಟ್ಟಿಮರದ ತುಂಡನ್ನು ಗೀಟಿನ ಅಂಚಿಗೆ ಕ್ಲ್ಯಾಂಪಿನಿಂದ ಬಿಗಿಯಿರಿ. ಉಳಿಯ ಪಕ್ಕ ಅದಕ್ಕೆ ಒರಗಿ ಇಳಿದರೆ ತೂತು ವಾಲುವುದಿಲ್ಲ.

ಓರೆಯ ಅಚ್ಚು: ಅದೇ ತುಂಡಿನ ಮುಖವನ್ನು ಬೇಕಾದ ಓರೆಗೆ ಕೊಯ್ಯಿರಿ. ಎಲ್ಲ ತೂತುಗಳಿಗೂ ಇದೊಂದನ್ನೇ ಬಳಸಿದರೆ ಎಲ್ಲದರ ಓರೆಯೂ ಒಂದೇ ಆಗುತ್ತದೆ. ಕುರ್ಚಿಯ ಕಾಲಿಗೂ ಇದು ನಡೆಯುತ್ತದೆ.

ಬೈರಿಗೆಯ ಅಚ್ಚು: ದಪ್ಪ ತುಂಡಿನಲ್ಲಿ ನೆಟ್ಟಗೆ ಒಂದು ರಂಧ್ರ ಕೊರೆದು, ಅದರ ಮೂಲಕ ಬೈರಿಗೆ ಅಥವಾ ಕರೆಂಟಿನ ಡ್ರಿಲ್ ಇಳಿಸಿ. ರಂಧ್ರಗಳನ್ನು ಸಾಲಾಗಿ ಕೊರೆದ ಬಳಿಕ ಉಳಿದುದನ್ನು ಉಳಿಯಿಂದ ಸವರಿದರಾಯಿತು. ಡ್ರಿಲ್ ಮೊನೆಗೆ ಮರದ ಬಳೆ ತೊಡಿಸಿದರೆ ಆಳ ಮೀರುವುದಿಲ್ಲ.

ಏಣಿಯ ವಿಚಾರದಲ್ಲಿ ಎಚ್ಚರಿಕೆ

ಏಣಿಯ ಮೆಟ್ಟಿಲು ಜಾರಿದರೆ ಹೋಗುವುದು ಮರವಲ್ಲ, ಮನುಷ್ಯನ ಸೊಂಟ. ನಾಲಗೆಯನ್ನು ಆಚೆ ಬದಿಗೆ ಹಾಯಿಸಿ, ತುದಿ ಸೀಳಿ ಬೆಣೆ ಹೊಡೆಯಬೇಕು. ಸೀಳು ಕಂಬದ ಎಳೆಗೆ ಅಡ್ಡವಾಗಿರಲಿ. ಆಗ ಬೆಣೆಯ ಒತ್ತಡ ಎಳೆಯ ಗುಂಟ ಬೀಳುತ್ತದೆ; ಎಳೆಯ ಗುಂಟವೇ ಸೀಳಿ ಬೆಣೆ ಹೊಡೆದರೆ ಕಂಬವೇ ಸೀಳೀತು. ಮೆಟ್ಟಿಲಿನ ಮರ ಚೆನ್ನಾಗಿ ಒಣಗಿರಬೇಕು. ಹಸಿ ನಾಲಗೆ ಒಣಗಿದ ಮೇಲೆ ಸೊರಗಿ ಸಡಿಲಾಗುತ್ತದೆ.

ಮಳೆಗೆ ನಿಲ್ಲುವ ಗೇಟುಗಳಲ್ಲಿ ಮೇಲ್ಮುಖವಾದ ಕುರುಡು ತೂತು ಬೇಡ. ನೀರು ನಿಂತು ನಾಲಗೆ ಕೊಳೆಯುತ್ತದೆ. ತೂತನ್ನು ಆಚೆ ಬದಿಗೆ ಹಾಯಿಸಿ, ಇಲ್ಲವೆ ಕೆಳಗೆ ನೀರು ಬಸಿಯಲು ಸಣ್ಣ ರಂಧ್ರ ಬಿಡಿ.

ಮಳೆಗಾಲದ ಬಿಡುವಿನಲ್ಲಿ ತೋಟದ ಸಿಲ್ವರ್ ಓಕ್ ಚೂರುಗಳ ಮೇಲೆ ನಾಲ್ಕಾರು ತೂತು ಕೊರೆದು ಕೈ ಪಳಗಿಸಿಕೊಂಡರೆ, ಕೊಯ್ಲಿಗೆ ಮೊದಲೇ ಏಣಿ, ಗೇಟುಗಳನ್ನು ಭದ್ರಪಡಿಸಿಕೊಳ್ಳಬಹುದು.