ಜಪಾನೀ ಗುಣವಾಚಕ ಯಾವ ಪದವರ್ಗಕ್ಕೆ ಸೇರುತ್ತದೆ?

ಪ್ರಶ್ನೆ: ಜಪಾನೀ ಭಾಷೆ ಕಲಿಯುತ್ತಿದ್ದೇನೆ. ‘ಎತ್ತರದ ಬೆಟ್ಟ’ ಎನ್ನಲು ‘ತಕಇ ಯಮ’ ಅಂದರೆ ಸಾಕು. ‘ಗದ್ದಲವಿಲ್ಲದ ಊರು’ ಎನ್ನಲು ಮಾತ್ರ ‘ಶಿಜುಕ ನ ಮಚಿ’ ಎಂದು ನಡುವೆ ‘ನ’ ಸೇರಿಸಬೇಕು. ಎರಡೂ ಗುಣವನ್ನೇ ಹೇಳುವಾಗ ಈ ವ್ಯತ್ಯಾಸ ಏಕೆ? ಇವು ಯಾವ ಪದವರ್ಗ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪದವರ್ಗವನ್ನು ಗೊತ್ತುಮಾಡುವಾಗ ವ್ಯಾಕರಣಕಾರರು ಅರ್ಥವನ್ನು ಬದಿಗಿಟ್ಟು, ವಾಕ್ಯದಲ್ಲಿ ಪದ ಹೇಗೆ ರೂಪ ಬದಲಿಸುತ್ತದೆ ಎಂದು ನೋಡುತ್ತಾರೆ. ಹಾಗೆ ನೋಡಿದರೆ ಜಪಾನೀ ಗುಣವಾಚಕಗಳಲ್ಲಿ ಒಂದು ಗುಂಪು ಕ್ರಿಯಾಪದದ ಕಡೆಗೆ ವಾಲಿದೆ, ಇನ್ನೊಂದು ನಾಮಪದದ ಕಡೆಗೆ.

‘ತಕಇ’ ಮೊದಲನೆಯ ಗುಂಪಿನದು. ‘ಯಮ ಗ ತಕಇ’ ಎಂದರೆ ‘ಬೆಟ್ಟ ಎತ್ತರವಾಗಿದೆ’ ಎಂದು ವಾಕ್ಯವೇ ಮುಗಿಯಿತು. ‘ಇದೆ’ ಎನ್ನಲು ಬೇರೆ ಪದ ಬೇಡ. ‘ತಕಕತ್ತ’ ಎಂದರೆ ಎತ್ತರವಾಗಿತ್ತು, ‘ತಕಕುನಇ’ ಎಂದರೆ ಎತ್ತರವಾಗಿಲ್ಲ, ‘ತಕಕುನಕತ್ತ’ ಎಂದರೆ ಎತ್ತರವಾಗಿರಲಿಲ್ಲ. ಕಾಲ, ನಿಷೇಧ ಎರಡೂ ಗುಣವಾಚಕಕ್ಕೇ ಅಂಟಿಕೊಳ್ಳುತ್ತವೆ. ಇದನ್ನು ಜಪಾನೀಯರು ‘ಕೇಯೋಶಿ’ ಎನ್ನುತ್ತಾರೆ.

‘ಶಿಜುಕ’ಕ್ಕೆ ಈ ಶಕ್ತಿಯಿಲ್ಲ. ನಾಮಪದದ ಹಿಂದೆ ಬಂದರೆ ‘ಶಿಜುಕ ನ’, ವಾಕ್ಯದ ಕೊನೆಗೆ ‘ಶಿಜುಕ ದ’, ಭೂತಕಾಲದಲ್ಲಿ ‘ಶಿಜುಕ ದತ್ತ’. ಬದಲಾಗುವುದೆಲ್ಲ ಪಕ್ಕದ ಪದ, ‘ಶಿಜುಕ’ ಇದ್ದಂತೆಯೇ ಇರುತ್ತದೆ. ಕನ್ನಡಿಗರಿಗೆ ಇದು ಹೊಸದಲ್ಲ: ಸುಂದರವಾದ, ಸುಂದರವಾಗಿದೆ, ಸುಂದರವಾಗಿತ್ತು. ಈ ‘ನ’ ಹುಟ್ಟಿದ್ದೂ ‘ಇರು’ ಎಂಬರ್ಥದ ಹಳೆಯ ‘ಅರು’ ಧಾತುವಿನಿಂದ. ‘ನಿ’ ಮತ್ತು ‘ಅರು’ ಕೂಡಿ ‘ನರು’ ಆಗಿ, ಕೊನೆಗೆ ‘ನ’ ಉಳಿಯಿತು.

ಈ ಎರಡನೆಯ ಗುಂಪಿನ ಬಗ್ಗೆ ಜಪಾನಿನ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅಲ್ಲಿನ ಶಾಲಾ ವ್ಯಾಕರಣ ಹಶಿಮೊತೊ ಶಿಂಕಿಚಿ ಅವರ ಹಾದಿಯಲ್ಲಿ ‘ಶಿಜುಕದ’ ಎಂಬುದನ್ನು ಒಂದೇ ಪದವೆಂದು ಎಣಿಸಿ, ‘ಕೇಯೋದೋಶಿ’ ಎಂಬ ಪ್ರತ್ಯೇಕ ವರ್ಗದಲ್ಲಿ ಇಡುತ್ತದೆ. ತೊಕಿಎದ ಮೊತೊಕಿ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ‘ಶಿಜುಕ’ ನಾಮಪದ, ‘ದ’ ಅದಕ್ಕೆ ಸೇರಿದ ಸಹಾಯಕ ಪದ. ಆದರೆ ನಾಮಪದಕ್ಕೆ ಸಲೀಸಾಗಿ ಹತ್ತುವ ಕರ್ತೃಸೂಚಕ ‘ಗ’ ಪ್ರತ್ಯಯ ‘ಶಿಜುಕ’ಕ್ಕೆ ಹತ್ತುವುದಿಲ್ಲ. ಪ್ರತ್ಯೇಕ ವರ್ಗ ಬೇಕೆನ್ನುವವರಿಗೆ ಇದು ಗಟ್ಟಿ ಆಧಾರ.

ಗಡಿ ಎಷ್ಟು ತೆಳುವೆಂಬುದಕ್ಕೆ ಒಂದು ಜೋಡಿ ನೋಡಿ. ಆರೋಗ್ಯವಂತ ವ್ಯಕ್ತಿ ‘ಕೆಂಕೋ ನ ಹಿತೊ’. ಕಾಯಿಲೆಯ ವ್ಯಕ್ತಿ ‘ಬ್ಯೋಕಿ ನೊ ಹಿತೊ’. ಅರ್ಥದಲ್ಲಿ ಒಂದಕ್ಕೊಂದು ವಿರುದ್ಧವಾದ ಪದಗಳು, ಆದರೆ ಒಂದು ‘ನ’ ಬೇಡುತ್ತದೆ, ಇನ್ನೊಂದು ನಾಮಪದದ ಷಷ್ಠಿಯಾದ ‘ನೊ’ ಬೇಡುತ್ತದೆ. ಬಣ್ಣಗಳಲ್ಲೂ ಹೀಗೆಯೇ: ಕೆಂಪು ‘ಅಕಇ’ ಕೇಯೋಶಿ, ಹಸಿರು ‘ಮಿದೊರಿ’ ನಾಮಪದ.

ಕೇಯೋಶಿ ಗುಂಪಿನಲ್ಲಿ ಹೆಚ್ಚಿನವು ಜಪಾನಿನ ಅಚ್ಚ ಪದಗಳು. ಅಲ್ಲಿಗೆ ಹೊಸಬರ ಪ್ರವೇಶ ಅಪರೂಪ. ಚೀನೀ ಮೂಲದ ಗುಣವಾಚಕಗಳೂ ಇಂಗ್ಲಿಷಿನಿಂದ ಬಂದವೂ ಬಹುಪಾಲು ‘ನ’ ಗುಂಪಿಗೇ ಸೇರುತ್ತವೆ: ‘ಶಿಂಪುರು ನ’, ‘ಹನ್ಸಮು ನ’. ನಾವೂ ‘ಸಿಂಪಲ್ಲಾದ’ ಎಂದು ‘ಆದ’ವನ್ನೇ ಜೋಡಿಸುತ್ತೇವಲ್ಲ!

ಗುಣವಾಚಕವನ್ನು ಯಾವ ಆಧಾರದ ಮೇಲೆ ನಾಮ, ಕ್ರಿಯೆಗಳಿಂದ ಬೇರ್ಪಡಿಸಬೇಕು ಎಂಬುದು ಜಪಾನಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ನಮ್ಮ ಡಿ.ಎನ್. ಶಂಕರ ಭಟ್ಟರು 1994ರಲ್ಲಿ ಇದರ ಮೇಲೆಯೇ ‘ದಿ ಅಡ್ಜೆಕ್ಟಿವಲ್ ಕೆಟಗರಿ’ ಎಂಬ ಇಂಗ್ಲಿಷ್ ಗ್ರಂಥ ಬರೆದರು. ಆಸಕ್ತಿಯಿದ್ದರೆ ಅದನ್ನು ಓದಿ.

ಕಲಿಯುವವರಿಗೆ ಒಂದು ಎಚ್ಚರಿಕೆಯ ಮಾತು: ಪದದ ಕೊನೆಯ ‘ಇ’ ನೋಡಿ ಮೋಸಹೋಗಬೇಡಿ. ಚೆಂದದ ಎಂಬರ್ಥದ ‘ಕಿರೆಇ’, ಇಷ್ಟವಿಲ್ಲದ ಎಂಬರ್ಥದ ‘ಕಿರಇ’ ಎರಡೂ ‘ನ’ ಗುಂಪಿನವು. ಹೊಸ ಗುಣವಾಚಕವನ್ನು ಒಂಟಿಯಾಗಿ ಬರೆದುಕೊಳ್ಳದೆ, ‘ಕಿರೆಇ ನ ಹನ’ (ಚೆಂದದ ಹೂವು) ಎಂಬಂತೆ ನಾಮಪದದ ಜೊತೆಗೇ ಬಾಯಿಪಾಠ ಮಾಡಿ. ಆಗ ಅದರ ಪದವರ್ಗವನ್ನು ಬೇರೆಯಾಗಿ ನೆನಪಿಡುವ ಕೆಲಸವೇ ಇರುವುದಿಲ್ಲ.