ಜಿಮ್ಮಿಯ ಮಾತ್ರೆ

ನಮ್ಮ ಮನೆಯ ನಾಯಿ ಜಿಮ್ಮಿ. ವಯಸ್ಸು ಆರು. ಅಡಿಕೆ ಒಣಗಿಸುವ ಅಂಗಳಕ್ಕೆ ಅವನೇ ಕಾವಲು. ಬಾಳೆಗೊನೆಗೆ ಮಂಗ ಬಂದರೆ ಓಡಿಸುವವನೂ ಅವನೇ.

ಒಂದು ದಿನ ಜಿಮ್ಮಿ ಅನ್ನ ಮುಟ್ಟಲಿಲ್ಲ. ಮೂಗಿನಿಂದ ರಕ್ತ ಬಂತು. "ಇಂಬಳ ಹೊಕ್ಕಿರಬೇಕು" ಅಂದೆವು. ಮಲೆನಾಡಿನಲ್ಲಿ ಅದು ಹೊಸತೇನಲ್ಲ, ಅಲ್ಲವೇ? ಎರಡು ದಿನ ಕಾದೆವು. ಇಂಬಳ ಕಾಣಲಿಲ್ಲ. ರಕ್ತ ನಿಲ್ಲಲಿಲ್ಲ. ಮೈ ಸುಡುತ್ತಿತ್ತು. ಒಸಡು ಬಿಳಿಚಿಕೊಂಡಿತ್ತು.

"ನಾಯಿಗೂ ಡಾಕ್ಟ್ರಾ?" ಅಂತ ಪಕ್ಕದ ಮನೆ ಅಕ್ಕ ನಕ್ಕರು. ಹೌದು, ನಾಯಿಗೂ ಡಾಕ್ಟ್ರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಊರಿನಲ್ಲಿ ಪಶು ಆಸ್ಪತ್ರೆ ಇದೆ. ಅದು ದನಕರುಗಳಿಗೆ ಮಾತ್ರ ಅಲ್ಲ.

ರಕ್ತ ಪರೀಕ್ಷೆ ಆಯಿತು. "ಇದು ಉಣುಗಿನ ಜ್ವರ" ಎಂದರು ಡಾಕ್ಟರು. ಉಣುಗು ರಕ್ತ ಹೀರುವಾಗ ರೋಗಾಣುವನ್ನು ನಾಯಿಯ ಮೈಗೆ ಬಿಡುತ್ತದೆ. ದಿನವೂ ಮಾತ್ರೆ ಕೊಡಬೇಕು. 28 ದಿನ.

ಇಲ್ಲಿ ನಾವು ತಪ್ಪು ಮಾಡಿದೆವು. ಹತ್ತನೇ ದಿನ ಜಿಮ್ಮಿ ಅನ್ನ ಉಂಡ, ಬಾಲ ಆಡಿಸಿದ. "ಗುಣ ಆಯ್ತಲ್ಲ, ಇನ್ನೇಕೆ?" ಅಂತ ಮಾತ್ರೆ ನಿಲ್ಲಿಸಿದೆವು. ಚೀಟಿಯಲ್ಲಿ 28 ಅಂತ ಬರೆದೇ ಇತ್ತು. ಪಾಠ ಹೇಳುವವರು ನಾವು!

ಮೂರು ತಿಂಗಳಿಗೆ ಜ್ವರ ಮತ್ತೆ ಬಂತು. ಈ ಸಲ ಜಿಮ್ಮಿಯ ಪಕ್ಕೆಲುಬು ಎಣಿಸಬಹುದಿತ್ತು. ರೋಗಾಣು ಒಳಗೇ ಅಡಗಿ ಕೂತಿತ್ತು. ರಕ್ತ ಹುಟ್ಟುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ರೋಗ ಹಳತಾದರೆ ಆ ಮಜ್ಜೆಯೇ ಸೋಲುತ್ತದೆ. "ಇನ್ನು ಇದು ಬಹಳ ದಿನದ ಕಾಯಿಲೆ. ನೋಡಿಕೊಳ್ಳುತ್ತಾ ಇರಬೇಕು" ಎಂದರು ಡಾಕ್ಟರು.

ನಮ್ಮ ಅತ್ತೆಯವರು ಹೋದ ವರ್ಷವಷ್ಟೇ ಓದಲು ಕಲಿತರು. ಮಾತ್ರೆ ಕೊಟ್ಟ ಕೂಡಲೇ ಕ್ಯಾಲೆಂಡರಿನ ತಾರೀಖಿಗೆ ಗೀಟು ಹಾಕುತ್ತಾರೆ. ಮಾತ್ರೆಯ ಪಟ್ಟಿಯ ಮೇಲಿನ ತಿಂಗಳು, ವರ್ಷ ಓದಿ ನೋಡುತ್ತಾರೆ. ನಾವು ಮರೆತರೆ "ಏನು ಮೇಡಂ, ಮಾತ್ರೆ ಎಲ್ಲಿ?" ಅಂತ ಗದರುತ್ತಾರೆ.

ಮಾತ್ರೆಯನ್ನು ಅಕ್ಕಿ ರೊಟ್ಟಿಯ ತುಂಡಿನಲ್ಲಿ ಮುಚ್ಚಿ ಕೊಡುತ್ತೇವೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಆಗುತ್ತದೆ. ಹಾಲಿನ ಜೊತೆ ಕೊಟ್ಟರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ಜ್ವರದ ಮಾತ್ರೆ ಮಾತ್ರ ಬೇಡವೇ ಬೇಡ. ನಾಯಿಗೆ ಅದು ವಿಷ ಆದೀತು.

ಸಂಜೆ ಮೈ ನೋಡುತ್ತೇವೆ. ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಅಡಿಯಲ್ಲಿ. ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ಉಗುರಿನಲ್ಲಿ ಒಡೆಯಬೇಡಿ. ಗೋಡೆಯ ಬಿರುಕಿನಲ್ಲೂ ಉಣುಗು ಮೊಟ್ಟೆ ಇಡುತ್ತದೆ. ಅದನ್ನೂ ಮುಚ್ಚಿ. ತೋಟಕ್ಕೆ ಹೊಡೆಯುವ ಔಷಧಿಯನ್ನು ನಾಯಿಗೆ ಸವರುವವರಿದ್ದಾರೆ. ಮೈ ನೆಕ್ಕಿದರೆ ನಾಯಿ ಸತ್ತೇ ಹೋಗಬಹುದು.

"ಇದು ಮಂಗನ ಕಾಯಿಲೆಯಾ?" ಅಂತ ಹಲವರು ಕೇಳಿದರು. ಅಲ್ಲ. ಅದು ಬೇರೆ. ಅದನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಅದನ್ನು ಹರಡುವುದೂ ಉಣುಗೇ. ನಮ್ಮ ಕಡೆಯೂ ಜನರನ್ನು ಕಾಡಿದೆ. ದರಗು ತರಲು ಕಾಡಿಗೆ ಹೋಗಿ ಬಂದರೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ.

ಜಿಮ್ಮಿ ಮೊದಲಿನ ಹಾಗೆ ಓಡುವುದಿಲ್ಲ. ಮಂಗ ಬಂದರೆ ಜಗಲಿಯಲ್ಲಿ ಮಲಗಿಯೇ ಬೊಗಳುತ್ತಾನೆ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಇದೆ. ಆ ತಾರೀಖಿನ ಸುತ್ತ ಅತ್ತೆಯವರು ಗುಂಡಗೆ ಗೀಟು ಎಳೆದಿದ್ದಾರೆ.